ದೀಪ ಹಚ್ಚುವ ಹೊತ್ತಿನ ಕ್ರಿಯಾಪದಗಳು

ಮದುವೆಯಾಗಿ ಇಪ್ಪತ್ತೆರಡನೇ ದಿನಕ್ಕೆ ನನ್ನ ಗಂಡ ಜರ್ಮನಿಗೆ ವಾಪಸ್ ಹೋದರು. ಅಲ್ಲಿ ಅವರು ಒಂದು ಆಸ್ಪತ್ರೆಯಲ್ಲಿ ನರ್ಸ್. ನಾನು ಆರು ತಿಂಗಳಲ್ಲಿ ಹೋಗಿ ಸೇರಿಕೊಳ್ಳುವುದೆಂದು ಹಿರಿಯರ ಮುಂದೆ ಮಾತಾಗಿತ್ತು. ಆದರೆ ಗಂಡನ ಹತ್ತಿರ ಹೋಗಬೇಕೆಂದರೆ ಹೆಂಡತಿ ಮೊದಲು ಜರ್ಮನ್ ಭಾಷೆಯ ಮೊದಲ ಹಂತದ ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ವೀಸಾ ಸಿಗುವುದಿಲ್ಲ. ತಾಳಿ ಸಾಲದು, ಸರ್ಟಿಫಿಕೇಟೂ ಬೇಕು. ನನ್ನ ತವರೂರು ಮಸೂತಿಯ ಶಾಲೆಯಲ್ಲಿ ಇಂಗ್ಲಿಷನ್ನೇ ಉರು ಹೊಡೆದು ಪಾಸಾದವಳು ನಾನು. ಈಗ ಮೂರನೇ ವರ್ಷ ನಡೆದಿದೆ, ಇನ್ನೂ ಅತ್ತೆಯ ಊರು ಇಂಡಿಯಲ್ಲೇ ಇದ್ದೇನೆ.

ಅತ್ತೆಯ ಮನೆ ಊರ ಹೊರಗೆ, ನಿಂಬೆ ತೋಟಕ್ಕೆ ಹತ್ತಿಕೊಂಡೇ ಇದೆ. ಬೆಳಗಿನ ಹೊತ್ತು ರೊಟ್ಟಿಗೆ ಹೋಗುತ್ತದೆ. ಮಧ್ಯಾಹ್ನ ಕಿತ್ತು ತಂದ ಹಣ್ಣಿನಲ್ಲಿ ದೊಡ್ಡದು ಸಣ್ಣದು ಆರಿಸಿ ಚೀಲ ತುಂಬುವಷ್ಟರಲ್ಲಿ ಬಿಸಿಲು ಇಳಿದಿರುತ್ತದೆ. ಫೋನಿನಲ್ಲಿ ನಡೆಯುವ ಜರ್ಮನ್ ಕ್ಲಾಸು ಐದಕ್ಕೆ ಶುರುವಾಗಿ ಆರಕ್ಕೆ ಮುಗಿಯುತ್ತಿತ್ತು. ಕಲಿಸುವ ಮೇಡಂ ಮೊದಲ ವಾರವೇ ನೂರು ಕ್ರಿಯಾಪದಗಳ ಪಟ್ಟಿ ಕಳಿಸಿ, ದಿನಾಲೂ ಜೋರಾಗಿ, ಅರ್ಥದ ಸಮೇತ ಓದಿ ಎಂದರು. ನಾನು ನೋಟುಬುಕ್ಕಿನಲ್ಲಿ ಎಡಕ್ಕೆ ಜರ್ಮನ್, ಬಲಕ್ಕೆ ಕನ್ನಡ ಬರೆದುಕೊಂಡು, ಪಡಸಾಲೆಯಲ್ಲಿ ಕೂತು ಶುರು ಹಚ್ಚಿದೆ. ಕೊಮ್ಮೆನ್, ಬರುವುದು. ಎಸ್ಸೆನ್, ಉಣ್ಣುವುದು. ಶ್ಟೆರ್ಬೆನ್, ಸಾಯುವುದು.

ಕೈಯಲ್ಲಿ ಎಣ್ಣೆಯ ಗಿಂಡಿ ಹಿಡಿದುಕೊಂಡು ಅತ್ತೆ ಒಳಗಿನಿಂದ ಬಂದರು. ಐವತ್ತೈದರ ಗಟ್ಟಿ ಹೆಂಗಸು, ಮಾವ ತೀರಿದಂದಿನಿಂದ ತೋಟವನ್ನು ಒಬ್ಬರೇ ನಡೆಸಿಕೊಂಡು ಬಂದವರು.

“ದೀಪಾ ಹಚ್ಚೂ ಹೊತ್ತಿನ್ಯಾಗ ಇದೆಂಥಾ ಮಾತ ಯವ್ವಾ? ಅಸ್ತು ದೇವತಿಗೋಳು ತಿರಗ್ಯಾಡೂ ಹೊತ್ತಿದು” ಎಂದರು.

ಮುಸ್ಸಂಜೆಯಲ್ಲಿ ಆ ದೇವತೆಗಳು ಮನೆಗಳ ಮೇಲೆ ಹಾದು ಹೋಗುತ್ತವಂತೆ. ಆಗ ಯಾರು ಏನಂದರೂ ‘ಅಸ್ತು’, ಅಂದರೆ ‘ಹಾಗೇ ಆಗಲಿ’, ಎಂದುಬಿಡುತ್ತವಂತೆ. ಅದಕ್ಕೇ ಆ ಹೊತ್ತಿನಲ್ಲಿ ಈ ಮನೆಯಲ್ಲಿ ಯಾರೂ ಕೆಟ್ಟದ್ದು ಆಡುವುದಿಲ್ಲ. ಜೋಳ ಮುಗಿದಿದ್ದರೂ ಮುಗಿದವು ಅನ್ನುವ ಹಾಗಿಲ್ಲ, ‘ಹೆಚ್ಚಾಗ್ಯಾವು’ ಅನ್ನಬೇಕು. ಹೊರಟವರು ‘ಹೋಗ್ತೇನಿ’ ಅನ್ನುವ ಹಾಗಿಲ್ಲ, ‘ಹೋಗಿ ಬರ್ತೇನಿ’ ಅನ್ನಬೇಕು. ನನ್ನ ತವರಿನಲ್ಲೂ ಇದೇ ಪದ್ಧತಿ. ಹಾಗಾಗಿ ನಾನು ನಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಎದೆ ಧಸಕ್ಕೆಂದಿತ್ತು. ಗಂಡ ಕಾಣದ ದೇಶದಲ್ಲಿರುವಾಗ ಮುಸ್ಸಂಜೆಗೆ ಸಾಯುವುದು, ಬೀಳುವುದು ಎಂದು ಯಾವ ಹೆಂಡತಿ ಒದರುತ್ತಾಳೆ?

ಕೆಟ್ಟ ಅರ್ಥದ ಪದಗಳನ್ನೆಲ್ಲ ಪೆನ್ಸಿಲ್ಲಿನಿಂದ ಗುರುತು ಹಾಕಿ ಬಿಟ್ಟುಬಿಟ್ಟೆ. ಸಾಯುವುದು, ಬೀಳುವುದು, ಒಡೆಯುವುದು, ಕಳೆದುಕೊಳ್ಳುವುದು, ಮುಚ್ಚುವುದು, ಮರೆಯುವುದು. ಹಗಲು ಹೊತ್ತಿನಲ್ಲಿ ಓದಿದರಾಯಿತು ಅಂದುಕೊಂಡೆ. ಹಗಲೆಲ್ಲ ಕೈ ನಿಂಬೆಯಲ್ಲಿ, ಮನಸ್ಸು ಚೀಲದಲ್ಲಿ, ಓದು ಎಲ್ಲಿಂದ ಬರಬೇಕು? ಒಳ್ಳೆಯ ಪದಗಳು ಮಾತ್ರ ಚೆನ್ನಾಗಿ ಬಾಯಿಪಾಠವಾದವು. ನನಗೆ ಬರುತ್ತಿದ್ದ ಜರ್ಮನಿಯಲ್ಲಿ ಎಲ್ಲರೂ ಬರುತ್ತಿದ್ದರು, ಉಣ್ಣುತ್ತಿದ್ದರು, ಕೊಳ್ಳುತ್ತಿದ್ದರು, ನಗುತ್ತಿದ್ದರು. ಯಾರ ಕೈಯಿಂದಲೂ ಏನೂ ಜಾರಿ ಬೀಳುತ್ತಿರಲಿಲ್ಲ.

ಮೊದಲ ಸಲ ಬೆಂಗಳೂರಿಗೆ ಹೋಗಿ ಬರೆದಾಗ ಹೆದರಿಕೆಗೇ ಫೇಲಾದೆ. ಎರಡನೇ ಸಲ ಧೈರ್ಯವಿತ್ತು. ಕಿವಿಗೆ ಯಂತ್ರ ಹಚ್ಚಿ ಕೇಳುವ ಭಾಗದಲ್ಲಿ ಒಬ್ಬ ಹೆಂಗಸು ಏನನ್ನೋ ಕಳೆದುಕೊಂಡಿದ್ದಳು, ಒಂದು ಅಂಗಡಿ ಮುಚ್ಚುತ್ತಿತ್ತು. ಇದೆಲ್ಲ ಆಮೇಲೆ ತಿಳಿದದ್ದು. ಆಗ ಅವು ಕಿವಿಯ ಮೇಲೆ ಹಾದು ಹೋದವು ಅಷ್ಟೆ. ಪಾಸಾಗಲು ಎರಡು ಅಂಕ ಕಡಿಮೆ ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಗಂಡನಿಗೆ ಫೋನು ಮಾಡಿ ಹೇಳಿದೆ. “ಇನ್ನೊಮ್ಮಿ ನೋಡು. ಆಗ್ಲಿಲ್ಲಂದ್ರ ಬಿಡು. ನೀ ಅಲ್ಲೇ ಇರು, ನಾನ ವರ್ಷಕ್ಕೊಮ್ಮಿ ಬಂದು ಹೋಗ್ತೇನಿ” ಎಂದರು. ಬಯ್ದಿದ್ದರೆ ಸಮಾಧಾನವಾಗುತ್ತಿತ್ತು. ಬಯ್ಯಲಿಲ್ಲ. ಇಪ್ಪತ್ತೆರಡು ದಿನದ ಸಂಸಾರದ ಮೇಲೆ ಜೀವಮಾನವೆಲ್ಲ ಕಳೆಯುವುದು ಹೇಗೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಮೊದಲು ದಿನಾಲೂ ದೀಪ ಹಚ್ಚುವ ಹೊತ್ತಿಗೆ ಫೋನು ಮಾಡುತ್ತಿದ್ದವರು ಆಮೇಲೆ ಬರೀ ರವಿವಾರ ಮಾಡತೊಡಗಿದರು. ಕಳೆದ ಎರಡು ರವಿವಾರ ಅದೂ ಇಲ್ಲ. ಅತ್ತೆ ಮಾತ್ರ ಸಂಜೆಯಾಗುತ್ತಲೇ ಫೋನಿಗೆ ಚಾರ್ಜು ಹಾಕಿ ಗೋಡೆಯಲ್ಲಿನ ದೇವರ ಮಾಡದ ಹತ್ತಿರ ಇಡುವುದನ್ನು ಬಿಡಲಿಲ್ಲ.

ಒಂದು ಸಂಜೆ ಮುದ್ದೇಬಿಹಾಳದಿಂದ ನನ್ನ ಅಕ್ಕ ಫೋನು ಮಾಡಿ, ಟಿಕೀಟು ಯಾವಾಗ ಎಂದು ಕೇಳಿದಳು. ಫೋನಿಟ್ಟವಳೇ ಸಿಟ್ಟನ್ನೆಲ್ಲ ಅತ್ತೆಯ ಮೇಲೆ ತೀರಿಸಿಕೊಂಡೆ.

“ನಿಮ್ಮ ಅಸ್ತು ದೇವತಿಗೋಳು ನನ್ನ ಮುಣಗಿಸಿದ್ರು. ನಾ ಬಿಟ್ಟ ಮಾತಽ ಪರೀಕ್ಷಾದಾಗ ಬಂದ್ವು. ಆ ಎರಡ ಮಾರ್ಕ ನಿಮ್ಮ ಕೈಯಾಗ ಹೋದ್ವು ಅತ್ತಿ” ಎಂದೆ.

ಅತ್ತೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದವರು ಹಾಕಿ ಮುಗಿಸಿ ಒಳಗೆ ಹೋದರು. ಅಷ್ಟು ಮಾತಾಡಿದ್ದಕ್ಕೆ ನನಗೇ ನಾಚಿಕೆಯಾಯಿತು. ಗುರುತು ಹಾಕಿ ಬಿಟ್ಟವಳು ನಾನೇ ತಾನೆ?

ಮರುದಿನ ದೀಪ ಹಚ್ಚಿದ ಮೇಲೆ ಅವರು ಬಂದು ನನ್ನ ಎದುರು ಕೂತರು. ನೋಟುಬುಕ್ಕು ಕೇಳಿ ಇಸಿದುಕೊಂಡರು. ನಾಲ್ಕನೇ ಇಯತ್ತೆ ಕಲಿತವರು, ಕನ್ನಡವನ್ನು ಕೂಡಿಸಿಕೊಂಡು ಓದುತ್ತಾರೆ.

“ಕನ್ನಡದ ಮಾತು ನಾ ಅಂತೇನಿ. ನೀ ಬರೇ ಅವರ ಮಾತು ಅನ್ನು. ಅಸ್ತು ದೇವತಿಗೆ ಜರ್ಮನಿ ಎಲ್ಲಿ ತಿಳೀತೈತಿ? ಹತ್ತೂದಿದ್ರ ನನಗ ಹತ್ಲಿ.”

“ಹಂಗ ಅನಬ್ಯಾಡ್ರಿ ಅತ್ತಿ.”

“ನನಗ ಆಗೂದೆಲ್ಲಾ ಆಗೇತಿ. ಅನ್ನು.”

ಹೆಬ್ಬೆರಳನ್ನು ಸಾಲಿನ ಕೆಳಗೆ ಇಟ್ಟುಕೊಂಡು, “ಸಾಯೂದು” ಎಂದರು. ದೀಪ ಅವರ ಪಕ್ಕದಲ್ಲೇ ಉರಿಯುತ್ತಿತ್ತು. ನಾನು ದೀಪವನ್ನೇ ನೋಡುತ್ತ ಕೂತೆ. ಅವರು ಇನ್ನೊಮ್ಮೆ, ಇನ್ನೂ ಜೋರಾಗಿ ಅಂದರು. “ಶ್ಟೆರ್ಬೆನ್” ಎಂದೆ. “ಬೀಳೂದು” ಎಂದರು. “ಫಾಲೆನ್” ಎಂದೆ. ಜೀವಮಾನದಲ್ಲಿ ಮುಸ್ಸಂಜೆಗೆ ಒಂದು ಕೆಟ್ಟ ಮಾತಾಡದ ಹೆಂಗಸು ನನ್ನ ಸಲುವಾಗಿ ಅವನ್ನು ಒಂದೊಂದಾಗಿ ತನ್ನ ನಾಲಿಗೆಯ ಮೇಲೆ ಹಾಕಿಕೊಂಡರು. ಒಂದು ವಾರ ಹೀಗೇ ನಡೆಯಿತು. ಅವರ ಬಾಯಿಂದ ಕೇಳಿದ ಪದ ನನಗೆ ಒಂದೂ ತಪ್ಪುತ್ತಿರಲಿಲ್ಲ.

ಬರುವ ಸೋಮವಾರ ಮೂರನೇ ಪರೀಕ್ಷೆ. ನಿನ್ನೆ ಸಂಜೆ ಇಡೀ ಪಟ್ಟಿಯನ್ನು ಒಂದೇ ದಮ್ಮಿನಲ್ಲಿ ಮುಗಿಸಬೇಕೆಂದು ಕೂತೆವು. ಒಡೆಯೂದು, ಕಳಕೊಳ್ಳೂದು, ಮುಚ್ಚೂದು ಎಂದು ಅತ್ತೆ ಎಲ್ಲೂ ತಡೆಯದೆ ಓದಿಕೊಂಡು ಹೋದರು, ನಾನೂ ತಡೆಯದೆ ಹೇಳಿದೆ. ಆಮೇಲೆ ಅವರು “ತೊಳಿಯೂದು” ಎಂದರು. ಅದು ಎರಡು ಸಾಲು ಕೆಳಗಿನ ಪದ. ದಿನಾ ಓದಿ ನನಗೆ ಆ ಹಾಳೆಯ ಸಾಲು ಸಾಲೂ ಗೊತ್ತಿದೆ.

“ನಡಕ ಒಂದು ಬಿಟ್ಟೀರಿ ಅತ್ತಿ. ದಿನಾಲೂ ಬಿಡಾಕತ್ತೀರಿ” ಎಂದೆ.

ಅವರು ಮಾಡದ ಹತ್ತಿರ ಇಟ್ಟಿದ್ದ ಫೋನಿನ ಕಡೆ ನೋಡಿದರು. ಹಾಳೆಯ ಮೇಲಿನ ಹೆಬ್ಬೆರಳನ್ನು ತೆಗೆಯಲಿಲ್ಲ. ಅದರ ಕೆಳಗಿದ್ದದ್ದು ‘ಮರೆಯುವುದು’.

“ಇದೊಂದು ನನ್ನ ಬಾಯಿಲೆ ಬ್ಯಾಡ ಯವ್ವಾ” ಎಂದರು. “ಎರಡ ಮಾರ್ಕ ಹೋದ್ರ ಹೋಗ್ಲಿ.”