ದಾಕ್ಷಿಣ್ಯಕ್ಕೆ ಸಿಕ್ಕ ಲ್ಯಾಪ್‌ಟಾಪ್

ಗೆಳೆಯರೇ, ಇಂದು ನನ್ನನ್ನು ಕೆಡಿಸಿದ್ದು ದಾಕ್ಷಿಣ್ಯ. ಆಫೀಸುಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳನ್ನು ರಿಫರ್ಬಿಶ್ ಮಾಡಿ ಮಾರುವ, ಚಾಟ್ಸ್‌ವುಡ್ ಬಡಾವಣೆಯ ಅಂಗಡಿಗೆ ಪಕ್ಕದ ಮನೆಯ ಶಿಲ್ಪಾ ಜೊತೆ ಹೋಗಿದ್ದೆ. ನಮಗಿಬ್ಬರಿಗೂ ಬೇಕಾದ ಮಾಡೆಲ್‌ನಲ್ಲಿ ಉಳಿದಿದ್ದವು ಎರಡೇ, ಬೆಲೆಯೂ ಒಂದೇ. ಒಂದು ಹೊಸದರಂತೆ ಹೊಳೆಯುತ್ತಿತ್ತು. ಇನ್ನೊಂದರ ಮುಚ್ಚಳದ ಮೇಲೆ ಉದ್ದನೆಯ ಗೀರಿತ್ತು, ಕೀಬೋರ್ಡಿನ ಅಕ್ಷರಗಳು ಸವೆದಿದ್ದವು.

“ನೀವೇ ಮೊದ್ಲು ಆರಿಸ್ಕೊಳ್ಳಿ,” ಎಂದೆ. ಆಕೆ “ಛೆ, ನೀವು ತಗೊಳ್ಳಿ” ಅನ್ನಬೇಕಿತ್ತು. ನಾನು ಎರಡು ಸಲ ಬೇಡವೆಂದು, ಮೂರನೆಯ ಸಲ ಒಪ್ಪಿಕೊಳ್ಳುತ್ತಿದ್ದೆ. ನಮ್ಮಲ್ಲಿ ನಡೆದುಬಂದಿರುವುದು ಹಾಗೆ.

“ಥ್ಯಾಂಕ್ಸ್ ರೀ!” ಎಂದು ಶಿಲ್ಪಾ ಹೊಳೆಯುವುದನ್ನೇ ಎತ್ತಿಕೊಂಡಳು.

ಮನೆಗೆ ಮರಳುವಾಗ ಟ್ರೈನಿನಲ್ಲಿ ನಮ್ಮ ಸ್ಟೇಷನ್ ಕ್ವೇಕರ್ಸ್ ಹಿಲ್ ಬರುವವರೆಗೂ ಅದನ್ನು ತೊಡೆಯ ಮೇಲಿಟ್ಟು ಸವರುತ್ತಿದ್ದಳು. ನಾನು ಕಿಟಕಿಯಾಚೆ ನೋಡಲು ಪ್ರಯತ್ನಿಸಿದೆ. ಗಾಜಿನಲ್ಲೂ ಅದೇ ಕಾಣುತ್ತಿತ್ತು.

“ಒಂದೂ ಸ್ಕ್ರ್ಯಾಚ್ ಇಲ್ಲ ನೋಡಿ! ನಿಮ್ದೂ ಪರವಾಗಿಲ್ಲ ಬಿಡಿ, ಒಳಗೆ ಎಲ್ಲಾ ಸೇಮ್ ಅಲ್ವಾ?”

“ಹಾಗಾದ್ರೆ ಬದಲಾಯಿಸ್ಕೊಳ್ಳೋಣ್ವಾ?” ಎಂಬ ಮಾತು ಗಂಟಲವರೆಗೆ ಬಂತು.

“ಹೌದು, ಸೇಮ್,” ಎಂದೆ.

ಶನಿವಾರ ಶಿಲ್ಪಾ ನಮ್ಮ ಮನೆಗೆ ಊಟಕ್ಕೆ ಬರುತ್ತಾಳೆ. ತಟ್ಟೆಯಲ್ಲಿ ಕೊನೆಯ ಮದ್ದೂರು ವಡೆ ಉಳಿದರೆ ನಾನು ಯಾರನ್ನೂ ಕೇಳುವುದಿಲ್ಲ.