ವಿಭೂತಿಯ ಕೆಳಗಿದ್ದ ಎಳೆ

ಹೆಮ್ಮರಗಾಲದ ನಮ್ಮ ಹಳೇ ಮನೆಯ ಪಡಸಾಲೆಯಲ್ಲಿ ಆ ಮಧ್ಯಾಹ್ನ ಇದ್ದದ್ದು ನಾಲ್ಕೇ ಜನ: ಚಿಕ್ಕಪ್ಪ, ಚಿಕ್ಕಮ್ಮ, ಬನ್ನೂರಿನಿಂದ ಬಂದಿದ್ದ ಸೋದರತ್ತೆ, ನಾನು. ಹೆಂಚು ಇಳಿಸಿ ತಾರಸಿ ಹಾಕಿಸುವುದೆಂದು ಅಟ್ಟ ಖಾಲಿ ಮಾಡುತ್ತಿದ್ದೆವು. ಹೆಂಚು ತೆಗೆದ ಕಡೆಯಿಂದ ಬಿಸಿಲು ಕೋಲುಕೋಲಾಗಿ ಇಳಿದು, ಅದರೊಳಗೆ ದೂಳು ಯಾವ ಅವಸರವೂ ಇಲ್ಲದೆ ತೇಲುತ್ತಿತ್ತು. ಆ ಬೆಳಕಿನ ನಡುವೆ ಕೂತಿತ್ತು ನಮ್ಮ ಮನೆಯ ‘ಸಾಮಾನು’.

ಅದಕ್ಕೆ ಬೇರೆ ಹೆಸರೇ ಇರಲಿಲ್ಲ. ಮೊಳದುದ್ದದ ಮರದ ಚೌಕಟ್ಟು, ಅಡ್ಡಕ್ಕೊಂದು ಕಬ್ಬಿಣದ ಸರಳು, ಪಕ್ಕದಲ್ಲಿ ಹಲ್ಲಿನ ಚಕ್ರ, ತಿರುವಲಿಕ್ಕೊಂದು ಹಿಡಿ. ಏನಕ್ಕೆ ಬರುತ್ತದೆಂದು ಈಗ ಉಳಿದ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಭಕ್ತಿ ಜಾಸ್ತಿ. ವರ್ಷಾವರ್ಷ ಆಯುಧಪೂಜೆಗೆ ಗಂಡಸರು ಅದನ್ನು ಇಳಿಸಿ, ನೇಗಿಲು ಕುಡುಗೋಲಿನ ಜತೆ ಇಟ್ಟು, ನೀರಲ್ಲಿ ಕಲಸಿದ ವಿಭೂತಿ ಬಳಿದು ಮತ್ತೆ ಅಟ್ಟಕ್ಕೆ ಏರಿಸುತ್ತಿದ್ದರು. ಹಳೇ ವಿಭೂತಿ ತೊಳೆಯುವ ಧೈರ್ಯ ಯಾರೂ ಮಾಡಿರಲಿಲ್ಲ. ಸರಳು ಸುಣ್ಣ ಮೆತ್ತಿದ ಗೋಡೆಯಂತಾಗಿತ್ತು.

“ಶಾವಿಗೆ ಒತ್ತೋದು ಕಣಕ್ಕ, ಇನ್ನೇನು,” ಅಂದ ಚಿಕ್ಕಪ್ಪ.

“ಶಾವಿಗೆ ಎಲ್ಲಿಂದ ಉದುರ್ಬೇಕ್ಲಾ? ಒಂದು ತೂತಾದ್ರೂ ಅದಾ ಇದ್ರಲ್ಲಿ?” ಅಂದಳು ಅತ್ತೆ.

“ಅಂಗಾರೆ ಅಗ್ಗ ಒಸೆಯೋದು.”

“ಓದ್ಸಲ ಬಾವಿ ರಾಟೆ ಅಂದಿದ್ದೆ. ಮುಂದಿನ್ಸಲ ಇಮಾನ ಅಂತೀಯ.”

ನಾವು ನಕ್ಕೆವು. ಅತ್ತೆ ನಗಲಿಲ್ಲ. ಅವಳಿಗೆ ಅದು ಏನೆಂದು ತಿಳಿಯಲೇಬೇಕಿತ್ತು. ಅವಳಿನ್ನೂ ಸಣ್ಣವಳಿದ್ದಾಗಲೇ ನಮ್ಮಜ್ಜಿ ತೀರಿಕೊಂಡಳು. ಚಿಕ್ಕಪ್ಪ ಆಗ ತೊಟ್ಟಿಲಲ್ಲಿದ್ದ. ಅಜ್ಜಿಯದೊಂದು ಫೋಟೊ ಸಹ ಇಲ್ಲ. ಅತ್ತೆಗೆ ಉಳಿದದ್ದು ಒಂದೇ ನೆನಪು: ಸುತ್ತ ಬೆಳ್ಳಗೆ ಮೋಡದಂಥದ್ದು, ಅದರ ನಡುವೆ ಅವ್ವ, ಅವ್ವನ ಬಲಗೈ ಸುತ್ತುತ್ತಲೇ ಇದೆ. ಮುಖ ಮಾತ್ರ ಕಾಣದು. ಹೇಳಿದಾಗಲೆಲ್ಲ ಚಿಕ್ಕಪ್ಪನ ಮಾತು ಒಂದೇ: “ಅದು ಕನಸು ಕಣಕ್ಕ. ಮೋಡದಲ್ಲಿ ಕೂರಕ್ಕೆ ನಮ್ಮವ್ವ ಏನು ಪಾರ್ವತಿಯಾ?”

ಆ ಒಂದು ನೆನಪೂ ಕನಸೇ ಆಗಿಬಿಟ್ಟರೆ ಅತ್ತೆಯ ಪಾಲಿಗೆ ಅವ್ವನೇ ಇಲ್ಲ.

“ತೊಳೀತೀನಿ,” ಅಂದಳು.

“ಅಕ್ಕೋ! ಪೂಜೆ ಮಾಡಿರೋದ...”

“ಶಿವನ್ನೇ ದಿನಾ ಅಭಿಷೇಕ ಮಾಡಿ ತೊಳೀತೀವಿ. ಇದೇನು ಅವನಿಗಿಂತ ದೊಡ್ಡದಾ? ಚೊಂಬು ತತ್ತಾ.”

ಚಿಕ್ಕಮ್ಮ ಬಿಸಿನೀರು ತಂದಳು. ಅತ್ತೆ ಸೆರಗು ಸಿಕ್ಕಿಸಿ ಬೆರಳಿನಿಂದ ತಿಕ್ಕುತ್ತಾ ಹೋದಳು. ಹಾಲಿನಂಥ ನೀರು ನೆಲದ ಮೇಲೆ ಹರಿದು ಹೊಸಿಲ ಕಡೆಗೆ ಮೆಲ್ಲಗೆ ನಡೆಯಿತು. ಎಷ್ಟೋ ಆಯುಧಪೂಜೆಗಳು ಹಾಗೆ ನಮ್ಮ ಕಾಲ ಬಳಿಯೇ ಹಾದು ಹೋದವು. ಕೊನೆಗೆ ಸರಳಿನ ತುದಿಯಲ್ಲಿ, ಚಕ್ರದ ಪಕ್ಕ, ಏನೋ ಮೆತ್ತಗಿನದು ಬೆರಳಿಗೆ ಸಿಕ್ಕಿತು. ಬಿಗಿಯಾಗಿ ಸುತ್ತಿಕೊಂಡ ಎಳೆ. ಒದ್ದೆಯಾಗಿದ್ದರೂ ಹೊಳೆಯುತ್ತಿತ್ತು.

ಚಿಕ್ಕಮ್ಮನ ತವರು ಬಿಳಿಗೆರೆ ಕಡೆ, ರೇಷ್ಮೆಹುಳ ಸಾಕುವ ಮನೆ. ಅವಳು ಒಂದೆಳೆ ಕಿತ್ತು, ಸೀರೆಗೆ ಒತ್ತಿ ಒಣಗಿಸಿ, ಬೆಂಕಿಕಡ್ಡಿ ಗೀರಿ ಹಿಡಿದಳು. ಕೂದಲು ಸುಟ್ಟ ವಾಸನೆ.

“ಅತ್ತಿಗೆ, ರೇಷ್ಮೆ! ಗೂಡಿನ ಮೇಲಿನ ಸಿಕ್ಕುಎಳೆ ತೆಗೆಯೋದು ಇದು. ಗೂಡ ಸರಳಿಗೆ ಒತ್ತಿ ಹಿಡ್ದು ತಿರುವಿದ್ರೆ ಎಳೆಯೆಲ್ಲ ಸುತ್ಕೋತದೆ. ನಮ್ಮಪ್ಪನ ಮನೇಲಿ ಕರೆಂಟಿಂದು ಅದೆ, ಅದ್ಕೇ ನಂಗೆ ಗೊತ್ತಾಗ್ನಿಲ್ಲ.”

“ನಮ್ಮನೇಲಿ ಯಾವಾಗಮ್ಮಿ ಉಳ ಸಾಕಿದ್ರು?” ಎಂದ ಚಿಕ್ಕಪ್ಪ.

“ಅವ್ವ ಸಾಕಿದ್ಲು,” ಅಂದಳು ಅತ್ತೆ. “ಸುತ್ತ ಗೂಡು ರಾಶಿ ಹಾಕ್ಕೊಂಡು ಕೂತಿದ್ಲು. ಬೆಳ್ಳಗೆ.”

ಅವಳ ಕೈ ಹಿಡಿಯ ಮೇಲೆ ಹೋಯಿತು. ಸರಳು ಮೊದಲು ತಡೆದು, ಆಮೇಲೆ ಸುತ್ತಿತು. ನೀರಿನ ಹನಿಗಳು ಬಿಸಿಲಿಗೆ ಹಾರಿದವು. ಚಿಕ್ಕಪ್ಪ ಅವಳ ಪಕ್ಕ ಬಂದು ಕುಕ್ಕರಿಸಿದ.

“ಆಗ ನಾನೆಲ್ಲಿದ್ದೆ ಅಕ್ಕ?”

“ಪಕ್ಕದಲ್ಲೇ ತೊಟ್ಲಲ್ಲಿ ಅಳ್ತಾ ಇದ್ದೆ ಕಣ್ಲಾ. ನಂಗೆ ನೆಪ್ಪಿಲ್ಲ, ಆದ್ರೂ ಏಳ್ತೀನಿ. ನಂಬ್ಕೋ.”

ಮುಂದಿನ ತಿಂಗಳು ಬಿಳಿಗೆರೆಯಲ್ಲಿ ಗೂಡು ಬಿಡಿಸುವ ದಿನ ಅಕ್ಕ ತಮ್ಮ ಇಬ್ಬರೂ ಆ ಸಾಮಾನನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದರು. ಅತ್ತೆ ಗೂಡು ಹಿಡಿದಳು, ಚಿಕ್ಕಪ್ಪ ತಿರುವಿದ. ಸಂಜೆ ಮನೆಗೆ ಬಂದಾಗ ಚಿಕ್ಕಪ್ಪನ ಮೀಸೆಯಲ್ಲಿ ಬಿಳಿ ಎಳೆಗಳು ಸಿಕ್ಕಿಕೊಂಡಿದ್ದವು.