ರೊಟ್ಟಿ ಮುರಿಯದಂತೆ ಬಲಕ್ಕೆ ತಿರುಗುವುದು

‘ಇಂಡಿಕೇಟರ್ ಹಾಕವಾ!’

ಕೂಗಿದ್ದು ನಮ್ಮ ಅಣ್ಣ. ಕಾರು ಅವನದು. ಸ್ಟೇರಿಂಗ್ ಹಿಡಿದಿದ್ದವಳು ನನ್ನ ಹೆಂಡತಿ ಶೈಲಾ. ಹಿಂದಿನ ಸೀಟಿನಲ್ಲಿ ಖಡಕ್ ರೊಟ್ಟಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಉಸಿರು ಬಿಗಿಹಿಡಿದು ಕೂತಿದ್ದವನು ನಾನು. ನಾವು ಬಲಕ್ಕೆ ತಿರುಗಬೇಕಾದ ದಾರಿ ಎದುರಿಗೇ ಕಾಣುತ್ತಿತ್ತು. ಶೈಲಾ ಇಂಡಿಕೇಟರ್ ಹಾಕಲಿಲ್ಲ.

‘ಏ, ಹಾಕವಾ ಅಂದ್ರ!’

ಆಗಲೂ ಹಾಕಲಿಲ್ಲ.

ಮುಗೀತು ಅಂದುಕೊಂಡೆ. ಕಾರೂ ಹೋಯಿತು, ರೊಟ್ಟಿ ವ್ಯಾಪಾರವೂ ಹೋಯಿತು. ಯಾಕೆ ಅಂತೀರಾ? ಸ್ವಲ್ಪ ಹಿಂದಕ್ಕೆ ಹೋಗೋಣ.

ರೋಣದ ನಮ್ಮ ಮನೆಯಲ್ಲಿ ಶೈಲಾ ಓಣಿಯ ಗೆಳತಿಯರನ್ನು ಕೂಡಿಸಿಕೊಂಡು ರೊಟ್ಟಿ ಬಡಿದು ಮಾರುತ್ತಾಳೆ ಎಂಬುದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. (ಹೆಂಡತಿಯ ರೊಟ್ಟಿಗೆ ಪುಕ್ಕಟೆ ಜಾಹೀರಾತು ಕೊಡುತ್ತೀರಿ ಎಂಬ ತಕರಾರೂ ಬಂದಿದೆ. ಒಪ್ಪಿದೆ.) ಖಡಕ್ ರೊಟ್ಟಿ ಎಂದರೆ ಹಪ್ಪಳದಂತೆ ಒಣಗಿಸಿದ ಜೋಳದ ರೊಟ್ಟಿ. ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ. ಆದರೆ ಒಂದು ಜೋರು ಬ್ರೇಕ್ ಸಾಕು, ಪುಡಿಪುಡಿ. ಕಾರ್ಯದ ಮನೆಯವರಿಗೆ ಬೇಕಾದದ್ದು ರೊಟ್ಟಿ, ರೊಟ್ಟಿಯ ನುಚ್ಚಲ್ಲ.

ಇಷ್ಟು ವರ್ಷ ಅವಳು ಬಸ್ಸಿನಲ್ಲೇ ಒಯ್ದಳು. ಡ್ರೈವರನ ಹಿಂದಿನ ಸೀಟೇ ಆಗಬೇಕು, ಅಲ್ಲಿ ಕುಲುಕಾಟ ಕಡಿಮೆ. ಆ ಸೀಟು ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯುವುದು. ಅಷ್ಟು ಮಾಡಿದರೂ ಗಜೇಂದ್ರಗಡ ಮುಟ್ಟುವಷ್ಟರಲ್ಲಿ ತಳದ ರೊಟ್ಟಿಗಳು ಮುರಿದಿರುತ್ತಿದ್ದವು. ಗಿರಾಕಿಗಳು ಮುಖ ಸಿಂಡರಿಸಿದರು. ದೊಡ್ಡ ಗಿರಾಕಿಗಳು ಒಬ್ಬೊಬ್ಬರಾಗಿ ಕೈಬಿಟ್ಟರು.

‘ಗಾಡಿ ಇಲ್ಲಂದ್ರ ಈ ಧಂದೆ ನಡಿಯಂಗಿಲ್ರಿ’ ಎಂದಳು ಒಂದು ದಿನ. ಹೇಳಿ ಸುಮ್ಮನೆ ಕೂರಲಿಲ್ಲ. ಡ್ರೈವಿಂಗ್ ಕಲಿತಳು, ಲೈಸೆನ್ಸ್ ತಂದಳು. (ನನಗೆ ಇವತ್ತಿಗೂ ಬರುವುದಿಲ್ಲ. ನಗಬೇಡಿ.)

ಸರಿ, ಕಾರು ಎಲ್ಲಿಂದ ಬರಬೇಕು? ಅಣ್ಣನದು ಇತ್ತು. ಅಣ್ಣ ಹತ್ತಿ ವ್ಯಾಪಾರಿ, ಮನೆಗೆ ಹಿರಿಯ. ನರಗುಂದದ ಕಡೆ ಹತ್ತಿ ನೋಡಲು ಹೋದ ದಿನ ಬಿಟ್ಟರೆ ಅವನ ಕಾರು ಬೇವಿನ ಗಿಡದ ನೆರಳಲ್ಲಿ ನಿಂತೇ ಇರುತ್ತದೆ. ಬಂಗಾರದಂಥ ಮನುಷ್ಯ. ಆದರೆ ಸ್ಟೇರಿಂಗ್ ಹಿಡಿದ ಅಣ್ಣನೇ ಬೇರೆ. ಮುಂದಿನ ಗಾಡಿ ಸ್ವಲ್ಪ ನಿಧಾನವಾದರೆ ಸಾಕು, ಕಿಟಕಿಯಿಂದ ಕತ್ತು ಹೊರಗೆ ಹಾಕಿ ಕೂಗುತ್ತಾನೆ: ‘ಏ, ಕೈಗೆ ಬಳಿ ಹಾಕ್ಕೊಂಡೀಯೇನಲೇ?’

ಇಂಥವನು ಬಳೆ ತೊಟ್ಟ ಕೈಗೇ ಕಾರು ಕೊಡುತ್ತಾನೆಯೇ?

‘ಒಂದ ಸರ್ತಿ ಬಾಜೂಕ ಕುಂತು ನೋಡ್ತೀನವಾ’ ಎಂದ. ‘ಚಲೋ ಹೊಡದ್ರ ಬೇಕಾದಾಗ ಗಾಡಿ ಒಯ್ಯಿ. ಇಲ್ಲಂದ್ರ ಬಸ್ಸು ಐತಲ್ಲ.’

ಆ ಪರೀಕ್ಷೆಯ ದಿನವೇ ಇದು. ಲಕ್ಕಲಕಟ್ಟಿಯ ಕಡೆ ಹೊಲದಲ್ಲೇ ಮನೆ ಕಟ್ಟಿಕೊಂಡಿರುವ ಖಾದರಸಾಬರ ಮಗಳ ನಿಶ್ಚಯ. ಬುಟ್ಟಿ ತುಂಬ ರೊಟ್ಟಿಯ ಆರ್ಡರು. ಅಣ್ಣ ಮುಂದಿನ ಸೀಟಿನಲ್ಲಿ ಪರೀಕ್ಷಕನ ಗತ್ತಿನಲ್ಲಿ ಕೂತಿದ್ದ.

ಇನ್ನೊಂದು ತೊಡಕಿತ್ತು. ನಮ್ಮ ಮನೆಯಲ್ಲಿ ಸೊಸೆಯಂದಿರು ಭಾವನಿಗೆ ಎದುರು ಮಾತಾಡುವುದಿಲ್ಲ. ಸೆರಗು ಸರಿಮಾಡಿಕೊಂಡು ‘ಹೌದ್ರಿ’ ಅಂದರೆ ಮಾತು ಮುಗಿಯಿತು. (ಗಂಡನಿಗೆ ಈ ಸೌಲಭ್ಯ ಇಲ್ಲ, ಬಿಡಿ.) ಸ್ಟೇರಿಂಗ್ ಹಿಡಿದಾಗಲೂ ಶೈಲಾಳ ಸೆರಗು ತಲೆಯ ಮೇಲೇ ಇತ್ತು. ಅಣ್ಣ ಗೇರ್ ಬದಲಿಸು ಅಂದಾಗೆಲ್ಲ ಹೌದ್ರಿ, ಹಾರ್ನ್ ಹೊಡಿ ಅಂದಾಗೆಲ್ಲ ಹೌದ್ರಿ. ಇಂಡಿಕೇಟರ್ ಹಾಕು ಅಂದಾಗ ಮಾತ್ರ ಬಾಯಿಯೂ ಇಲ್ಲ, ಕೈಯೂ ಇಲ್ಲ.

ಅವಳ ಕಣ್ಣು ಕನ್ನಡಿಯ ಮೇಲಿತ್ತು. ನಾನು ಹಿಂತಿರುಗಿ ನೋಡಿದೆ. ನಮ್ಮ ಬೆನ್ನಿಗೇ ಒಂದು ಲಾರಿ.

ನಮ್ಮ ಕಡೆ ರಸ್ತೆಯಲ್ಲಿ ಓಡಾಡಿದವರಿಗೆ ಒಂದು ಪದ್ಧತಿ ಗೊತ್ತಿದೆ. ಬಲಗಡೆಯ ದೀಪ ಮಿಣುಕಿದರೆ ‘ನಾನು ಬಲಕ್ಕೆ ತಿರುಗುತ್ತೇನೆ’ ಎಂದರ್ಥ, ಹಾಗಂತ ಡ್ರೈವಿಂಗ್ ಸ್ಕೂಲಿನಲ್ಲಿ ಹೇಳಿಕೊಡುತ್ತಾರೆ. ರಸ್ತೆಗೆ ಬಂದರೆ? ‘ಎದುರಿಗೆ ಯಾರೂ ಇಲ್ಲ, ನೀ ಮುಂದ ಹೋಗಪಾ’ ಎಂದು ಹಿಂದಿನವನಿಗೆ ದಾರಿ ಕೊಡಲಿಕ್ಕೂ ಅದೇ ದೀಪ! ಅಣ್ಣನೂ ಹಾಗೇ ದಾರಿ ಕೊಡುತ್ತಾನೆ. ಹಿಂದಿನವನೂ ಖುಷಿಯಿಂದ ಬಲಗಡೆಯಿಂದ ನುಗ್ಗುತ್ತಾನೆ. ಪಾಪ, ಸೌಜನ್ಯವೇ. ಆದರೆ ಖರೇನೇ ಬಲಕ್ಕೆ ತಿರುಗಬೇಕಾದವನ ಗತಿ ಏನು?

ಶೈಲಾ ವೇಗ ಇಳಿಸಿದಳು. ರೊಟ್ಟಿಗೆ ಗೊತ್ತಾಗದಷ್ಟು ಮೆತ್ತಗೆ. ಬಲಕ್ಕೆ ತಿರುಗಬೇಕಾದವಳು ಎಡಕ್ಕೆ ಸರಿದಳು. ಕಿಟಕಿಯಿಂದ ಕೈ ಹೊರಗೆ ಹಾಕಿ, ಹಸಿರು ಬಳೆ ಗಲ್ ಅನ್ನುವಂತೆ, ಮುಂದೆ ಹೋಗಿರೆಂದು ಬೀಸಿದಳು. ಲಾರಿ ಹಾರ್ನ್ ಹೊಡೆದು ಗುಡುಗುಡು ಎನ್ನುತ್ತ ದಾಟಿತು. ಯಾವ ಜಾಗದಿಂದ ದಾಟಿತು ಗೊತ್ತೇ? ಅಣ್ಣನ ಮಾತು ಕೇಳಿ ತಿರುಗಿದ್ದರೆ ನಾವು ಇರಬೇಕಾಗಿದ್ದ ಜಾಗದಿಂದ. ಅಣ್ಣ ಡ್ಯಾಶ್‌ಬೋರ್ಡ್ ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಲಾರಿ ಹೋಯಿತು. ಹಿಂದೆ ಬರೀ ಧೂಳು. ಈಗ ಶೈಲಾ ಇಂಡಿಕೇಟರ್ ಹಾಕಿದಳು! ಸಾಲದೆಂಬಂತೆ ಬಲಗೈಯನ್ನೂ ನೆಟ್ಟಗೆ ಹೊರಗೆ ಚಾಚಿದಳು.

ಅಣ್ಣನಿಗೆ ರೇಗಿತು. ‘ಇದ್ದಾಗ ಹಾಕಲಿಲ್ಲ, ಈಗ ಯಾರಿಗೆ ತೋರಸಾಕತ್ತಿ? ಆ ಜಾಲಿ ಗಿಡಕ್ಕೇನು?’

ಇಷ್ಟು ವರ್ಷದಲ್ಲಿ ಮೊದಲ ಸಲ ಭಾವನಿಗೆ ಎದುರುತ್ತರ ಬಂತು. ‘ಧೂಳಾಗ ಯಾರರ ಇದ್ರ, ಅವರಿಗ್ರಿ ಭಾವಾರ.’

ಇದ್ದರು. ದನದ ಮೇವಿಗೆಂದು ಕಣಕಿಯ ಹೊರೆ ಕಟ್ಟಿಕೊಂಡ ಬೈಕೊಂದು ಧೂಳಿನೊಳಗಿಂದ ಹೊರಬಂತು. ಸವಾರ ಹಿರಿಯ ಮನುಷ್ಯ. ಚಾಚಿದ ಕೈ ನೋಡಿದ, ಕಾಲೂರಿ ನಿಂತ. ‘ಹೋಗ್ರಿ ಯಕ್ಕಾ, ನೀವು ಹೋಗ್ರಿ’ ಎಂದ. ಶೈಲಾ ತಿರುಗಿಸಿದಳು. ನನ್ನ ತೊಡೆಯ ಮೇಲಿನ ಬುಟ್ಟಿಯಲ್ಲಿ ಒಂದು ರೊಟ್ಟಿಯೂ ಟಪ್ ಅನ್ನಲಿಲ್ಲ.

ಖಾದರಸಾಬರ ಮನೆಯಾಕೆ ಬುಟ್ಟಿಯ ಅರಿವೆ ತೆಗೆದು ತಳದ ತನಕ ಕೈಯಾಡಿಸಿದರು. ‘ಯಾ ಅಲ್ಲಾ! ಒಂದೂ ಮುರದಿಲ್ಲಲ್ರಿ ಶೈಲವ್ವಾರ!’

ಚಹಾ ಬಂತು. ಅಣ್ಣ ಬಶಿಯಲ್ಲಿ ಸುರುವಿಕೊಂಡು, ಕುಡಿಯದೆ ಹಾಗೇ ಹಿಡಿದು ಕೂತ. ಆಮೇಲೆ ಕೇಳಿದ: ‘ಲಾರಿ ಇದ್ದಾಗ ಯಾಕ ಹಾಕಲಿಲ್ಲವಾ? ಖರೇ ಹೇಳು.’

‘ಬಸ್ಸಿನಾಗ ಡ್ರೈವರಣ್ಣನ ಹಿಂದ ಕುಂತು ಕುಂತು ನೋಡೀನ್ರಿ. ಬೆನ್ನಿಗೆ ಗಾಡಿ ಇದ್ದಾಗ ಬಲಕ ದೀಪ ಹಾಕಿದ್ರ, ದಾರಿ ಬಿಟ್ರು ಅಂತ ನುಗ್ಗತಾರ್ರಿ. ನಾವು ಹೇಳಿದ್ದು ಅವರಿಗೆ ತಿಳೀತೋ ಇಲ್ಲೋ ಮೊದಲ ನೋಡಬೇಕ್ರಿ. ಆಮ್ಯಾಲ ತಿರಗಬೇಕು.’

ಅಣ್ಣ ಬಶಿ ಎತ್ತಿ ಚಹಾ ಕುಡಿದ. ನನಗಂತೂ ಹೆಮ್ಮೆ ತಡೆಯಲಾಗಲಿಲ್ಲ. ನಾವೆಲ್ಲ ಮಡಿಲಲ್ಲಿ ಬುಟ್ಟಿ ಇದ್ದರೆ ತೂಕಡಿಸುತ್ತೇವೆ. ಇವಳು ಬುಟ್ಟಿ ಕಾಯುತ್ತಲೇ ಇಡೀ ರಸ್ತೆಯ ಭಾಷೆ ಕಲಿತುಬಿಟ್ಟಿದ್ದಳು! ನಾನು ಬರೆಯುವವನು. ವಾರ ವಾರ ನಾಲ್ಕು ಮಾತು ಹೇಳಿ, ಹೇಳಿದೆನಲ್ಲ ಎಂದು ತಿರುಗಿಬಿಡುತ್ತೇನೆ. ತಿಳಿಯಿತೇ ಎಂದು ಕನ್ನಡಿ ನೋಡುವ ತಾಳ್ಮೆ ನಮ್ಮಲ್ಲಿ ಎಷ್ಟು ಜನಕ್ಕಿದೆ?

ವಾಪಸು ಬರುವಾಗ ಅಣ್ಣನೇ ಓಡಿಸಿದ. ಹಿಂದೆ ಒಂದು ಟಂಟಂ ಆಟೋ ಪೀಂಪೀಂ ಎನ್ನತೊಡಗಿತು. ಅಣ್ಣನ ಕೈ ರೂಢಿಯಂತೆ ಇಂಡಿಕೇಟರಿನ ಕಡ್ಡಿಗೆ ಹೋಯಿತು. ಅಲ್ಲೇ ನಿಂತಿತು. ಕಾರನ್ನು ಎಡಕ್ಕೆ ಸರಿಸಿ, ಗಾಜು ಇಳಿಸಿ, ಕೈ ಹೊರಗೆ ಹಾಕಿ ಬೀಸಿದ. ಟಂಟಂ ದಾಟಿಹೋಯಿತು.

‘ಹಿಂಗೇನವಾ?’ ಅಂದ, ಕನ್ನಡಿಯಲ್ಲಿ ಅವಳನ್ನು ನೋಡುತ್ತ.

‘ಹೌದ್ರಿ’ ಅಂದಳು ಶೈಲಾ, ಸೆರಗು ಸರಿಮಾಡಿಕೊಂಡು.

ಮನೆ ಬಂತು. ಅಣ್ಣ ಇಳಿದವನೇ ಕಾರಿನ ಕೀಲಿ ತೆಗೆದು ಅವಳ ಕೈಗಿಟ್ಟ. ಅಂದಿನಿಂದ ಬೇವಿನ ಗಿಡದ ನೆರಳಿಗೆ ಪುರಸೊತ್ತು, ಕಾರಿಗಿಲ್ಲ.

ಈಗ ನನ್ನದೊಂದೇ ಅನುಮಾನ: ಇನ್ನು ಮೇಲೆ ಅಣ್ಣ ರಸ್ತೆಯಲ್ಲಿ ಯಾರಿಗಾದರೂ ‘ಕೈಗೆ ಬಳಿ ಹಾಕ್ಕೊಂಡೀಯೇನಲೇ’ ಅಂದರೆ ಅದು ಬೈಗುಳವೋ, ಸರ್ಟಿಫಿಕೇಟೋ?